ಸ್ಲಿಟ್ಟರ್ ಡ್ರೈವ್‌ನಲ್ಲಿ ಪದೇ ಪದೇ ಎಸ್‌ಟಿಓ ಫಾಲ್ಟ್: ಲೂಪ್ ಹಾಕಿ ಓಡಿಸು ಅಂತಿದ್ದಾರೆ, ಏನು ಮಾಡಲಿ?

ರಾತ್ರಿಪಾಳಿ ಪೀಣ್ಯ
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಒಂದು ಪ್ಯಾಕೇಜಿಂಗ್ ಫಿಲ್ಮ್ ಯೂನಿಟ್‌ನಲ್ಲಿ ಮೇಂಟೆನೆನ್ಸ್ ಕೆಲಸ ನನ್ನದು. ಒಂದು ಹಳೇ ಸ್ಲಿಟ್ಟಿಂಗ್ ಮೆಷಿನ್ ಇದೆ. ದೊಡ್ಡ ರೋಲ್ ಬಿಚ್ಚಿ, ಬ್ಲೇಡಲ್ಲಿ ಸೀಳಿ, ಸಣ್ಣ ರೋಲ್‌ಗಳಾಗಿ ಸುತ್ತುತ್ತದೆ. ಮೂರು ವರ್ಷದ ಹಿಂದೆ ಡಿಸಿ ಮೋಟರ್ ತೆಗೆದು 22 ಕಿಲೋವ್ಯಾಟ್ ಎಸಿ ಮೋಟರ್, ಅದರ ವೇಗ ನಿಯಂತ್ರಿಸುವ ಹೊಸ ಡ್ರೈವ್ ಹಾಕಿಸಿದರು. ಪ್ಯಾನೆಲ್ ಮಾಡಿಕೊಟ್ಟವರು ಈಗ ಫೋನ್ ಎತ್ತುವುದಿಲ್ಲ.

ಡೋರ್ ಸ್ವಿಚ್, ಎಮರ್ಜೆನ್ಸಿ ಬಟನ್ ಎರಡೂ ಸೇಫ್ಟಿ ರಿಲೇಗೆ ಹೋಗುತ್ತವೆ. ಅಲ್ಲಿಂದ ಎರಡು ಲೈನ್ ಡ್ರೈವ್‌ನ ಎಸ್‌ಟಿಓ 1 ಮತ್ತು ಎಸ್‌ಟಿಓ 2 ಗೆ, ಅಂದರೆ ಮೋಟರ್‌ನ ಟಾರ್ಕ್ (ತಿರುಗಿಸುವ ಬಲ) ಕತ್ತರಿಸುವ ಸೇಫ್ಟಿ ಇನ್‌ಪುಟ್‌ಗಳಿಗೆ. ವಾರಕ್ಕೆ ಎರಡು ಮೂರು ಸಲ ಡ್ರೈವ್ 'ಎಸ್‌ಟಿಓ ಚಾನೆಲ್ ಫಾಲ್ಟ್' ಅಂತ ತೋರಿಸಿ ಕೂತುಬಿಡುತ್ತದೆ. ರಿಸೆಟ್ ಒತ್ತಿದರೆ ಹೋಗಲ್ಲ. ಮೇನ್ ಆಫ್ ಮಾಡಿ, ಡಿಸ್‌ಪ್ಲೇ ಪೂರ್ತಿ ಆರುವ ತನಕ ಕಾದು, ಮತ್ತೆ ಆನ್ ಮಾಡಬೇಕು. ಪ್ರತಿ ಸಲ ಹತ್ತು ನಿಮಿಷ ಹಾಳು.

ನಿನ್ನೆ ಮ್ಯಾನೇಜರ್ ಬಂದು, "ಎರಡೂ ಎಸ್‌ಟಿಓಗೆ 24 ವೋಲ್ಟ್ ಲೂಪ್ ಹಾಕಿ ಓಡಿಸು, ಆಡಿಟ್ ಬಂದಾಗ ತೆಗೆದರೆ ಆಯಿತು" ಅಂದರು. ಅಂದರೆ ಸೇಫ್ಟಿ ರಿಲೇ ಬಿಟ್ಟು, ತುಂಡು ವೈರ್‌ನಲ್ಲಿ ನೇರ 24 ವೋಲ್ಟ್ ಕೊಡುವುದು. ಡ್ರೈವ್ ಹೊಸದಾಗಿ ಬರುವಾಗ ಕಂಪನಿಯವರೇ ಆ ಲೂಪ್ ಹಾಕಿ ಕಳಿಸಿರುತ್ತಾರಲ್ಲ, ಹಾಗಾಗಿ ತಪ್ಪೇನೂ ಇಲ್ಲ ಎನ್ನುವುದು ಅವರ ವಾದ. ನನಗೆ ಕೈ ಬರುತ್ತಿಲ್ಲ.

ಇನ್ನೊಂದು. ಬಾಗಿಲು ತೆಗೆದರೆ ಡ್ರೈವ್ ಆಫ್ ಆಗುತ್ತದೆ, ರೋಲ್ ಮಾತ್ರ ತಿರುಗುತ್ತಲೇ ಇರುತ್ತದೆ. ಮೊಬೈಲಲ್ಲಿ ಟೈಮ್ ಹಿಡಿದೆ. ತುಂಬಿದ ರೋಲ್ ಇದ್ದರೆ 11 ಸೆಕೆಂಡ್. ಇದು ಯಾವ ಸೇಫ್ಟಿ ಸ್ಟಾಪ್?

ವೈರ್‌ಮನ್ ಹಾಸನ
ಮೊದಲು ಟರ್ಮಿನಲ್ ಟೈಟ್ ಮಾಡಿ ನೋಡಿ. ನೂರಕ್ಕೆ ತೊಂಬತ್ತು ಲೂಸ್ ಕನೆಕ್ಷನ್ನೇ.

ಪ್ರೊಡಕ್ಷನ್ ಮಾವ
ಎಲ್ಲರೂ ಈಗ ಬಂದು ಸೇಫ್ಟಿ ಭಾಷಣ ಶುರು ಮಾಡುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನಾನು ಮ್ಯಾನೇಜರ್ ಕಡೆ. ತಿಂಗಳ ಕೊನೆಯಲ್ಲಿ ಡಿಸ್‌ಪ್ಯಾಚ್ ಇದ್ದಾಗ ಹತ್ತು ನಿಮಿಷ ಅಂದರೆ ಏನು ಅಂತ ಮೇಂಟೆನೆನ್ಸ್‌ನವರಿಗೆ ಗೊತ್ತಾಗಲ್ಲ. ಹಳೇ ಮೆಷಿನ್‌ಗಳಲ್ಲಿ ಈ ಎಸ್‌ಟಿಓ ಎಲ್ಲಿತ್ತು? ಇಪ್ಪತ್ತು ವರ್ಷ ಬರೀ ಕಾಂಟ್ಯಾಕ್ಟರ್ ಮೇಲೆ ಓಡಿಸಿದ್ದೇವೆ, ಎಲ್ಲರ ಕೈಯೂ ನೆಟ್ಟಗೇ ಇದೆ.

ರಿಟೈರ್ಡ್ ಫೋರ್‌ಮನ್
ಎಲ್ಲರ ಕೈ ಅಂದಿರಲ್ಲ, ನನ್ನ ಎಡಗೈ ತೋರುಬೆರಳು ಮುಕ್ಕಾಲು ಮಾತ್ರ ಇದೆ. 1991. ಅದೂ ಬರೀ ಕಾಂಟ್ಯಾಕ್ಟರ್ ಮೇಲೆ ಓಡುತ್ತಿದ್ದ ಮೆಷಿನ್ನೇ. ಮುಂದೆ ಮಾತಾಡಿ.

ಡ್ರೈವ್ ಸರ್ವೀಸ್ ಅಣ್ಣ
ಲೂಪ್ ಹಾಕಬೇಡಿ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಕಂಪನಿಯಿಂದ ಲೂಪ್ ಹಾಕಿ ಬರುವುದು ನಿಜ. ಎಸ್‌ಟಿಓ ಬಳಸದವರಿಗೂ ಡ್ರೈವ್ ಓಡಬೇಕಲ್ಲ, ಅದಕ್ಕೆ. ನಿಮ್ಮ ಮೆಷಿನ್‌ನಲ್ಲಿ ಬಾಗಿಲಿಗೂ ಮೋಟರ್‌ಗೂ ನಡುವೆ ಇರುವುದು ಅದೊಂದೇ ದಾರಿ. ಅಲ್ಲಿ ಲೂಪ್ ಬಿದ್ದರೆ ಎಮರ್ಜೆನ್ಸಿ ಬಟನ್ ಬರೀ ಕೆಂಪು ಅಲಂಕಾರ. ಒತ್ತಿದರೆ ರಿಲೇ ಟಕ್ ಅನ್ನುತ್ತದೆ, ಲೈಟ್ ಆರುತ್ತದೆ, ಮೋಟರ್ ತಿರುಗುತ್ತಲೇ ಇರುತ್ತದೆ. ಇನ್ನೂ ಅಪಾಯ ಏನೆಂದರೆ ಆಪರೇಟರ್‌ಗೆ ಈ ವಿಷಯ ಗೊತ್ತಿರಲ್ಲ.

ಈಗ ಫಾಲ್ಟ್ ವಿಷಯ. ಎಸ್‌ಟಿಓ ಅಂದರೆ ಸೇಫ್ ಟಾರ್ಕ್ ಆಫ್. ಡ್ರೈವ್ ಒಳಗೆ ಐಜಿಬಿಟಿಗಳಿಗೆ (ಮೋಟರ್‌ಗೆ ಕರೆಂಟ್ ಕೊಡುವ ಎಲೆಕ್ಟ್ರಾನಿಕ್ ಸ್ವಿಚ್) ಹೋಗುವ ಗೇಟ್ ಪಲ್ಸ್ ಅನ್ನು ಹಾರ್ಡ್‌ವೇರ್ ಮಟ್ಟದಲ್ಲೇ ಕತ್ತರಿಸುತ್ತದೆ. ಎರಡು ಚಾನೆಲ್ ಇರುವುದು ಒಂದು ಕೈಕೊಟ್ಟರೂ ಇನ್ನೊಂದು ಕತ್ತರಿಸಲಿ ಅಂತ. ಆದರೆ ಒಂದು ಕೈಕೊಟ್ಟಿದೆ ಅಂತ ಯಾರಿಗಾದರೂ ಗೊತ್ತಾಗಬೇಕಲ್ವಾ? ಇಲ್ಲದಿದ್ದರೆ ಆರು ತಿಂಗಳು ಒಂದೇ ಕಾಲಲ್ಲಿ ನಡೆಯುತ್ತದೆ, ಆಮೇಲೆ ಎರಡನೆಯದೂ ಹೋಗುತ್ತದೆ. ಅದಕ್ಕೇ ಡ್ರೈವ್ ಎರಡೂ ಇನ್‌ಪುಟ್ ಹೋಲಿಸಿ ನೋಡುತ್ತದೆ. ಒಂದು ಬಿದ್ದು, ಇನ್ನೊಂದು ನಿಗದಿತ ಸಮಯದೊಳಗೆ ಬೀಳದಿದ್ದರೆ ಫಾಲ್ಟ್. ಸುಮ್ನೆ ರಿಸೆಟ್ ಒತ್ತಿ ಮುಂದುವರಿಯಬಾರದು ಅಂತಲೇ ಪವರ್ ಆಫ್ ಮಾಡುವ ತನಕ ಹಿಡಿದಿಡುತ್ತದೆ. ನಿಮ್ಮ ಡ್ರೈವ್ ಏನೋ ಹೇಳುತ್ತಿದೆ, ಕೇಳಿಸಿಕೊಳ್ಳಿ.

ಫಾಲ್ಟ್ ಯಾವಾಗ ಬರುತ್ತದೆ? ಓಡುವಾಗಲೋ, ಬಾಗಿಲು ತೆಗೆಯುವಾಗಲೋ, ಮುಚ್ಚುವಾಗಲೋ?

ಐಟಿಐ ಹುಡುಗ
ಡೋರ್ ಸ್ವಿಚ್ ಅಲೈನ್‌ಮೆಂಟ್ ಹೋಗಿರಬಹುದು ಸರ್. ಬಾಗಿಲು ಜೋತು ಬಿದ್ದರೆ ಒಂದು ಕಾಂಟ್ಯಾಕ್ಟ್ ಮೊದಲು, ಇನ್ನೊಂದು ಆಮೇಲೆ ತೆರೆಯುತ್ತದೆ. ನಮ್ಮ ಟ್ರೈನಿಂಗ್‌ನಲ್ಲಿ ಹೇಳಿದ್ದರು.

ಡ್ರೈವ್ ಸರ್ವೀಸ್ ಅಣ್ಣ
ಯೋಚನೆ ಸರಿ ತಮ್ಮಾ, ಜಾಗ ತಪ್ಪು. ಡೋರ್ ಸ್ವಿಚ್‌ನ ಎರಡು ಕಾಂಟ್ಯಾಕ್ಟ್ ಹೆಚ್ಚುಕಮ್ಮಿ ಆದರೆ ಅದನ್ನು ಹಿಡಿಯುವುದು ಸೇಫ್ಟಿ ರಿಲೇ. ಯಾವುದಾದರೂ ಒಂದು ತೆರೆದ ಕೂಡಲೇ ರಿಲೇ ತನ್ನ ಔಟ್‌ಪುಟ್ ಎರಡನ್ನೂ ಒಟ್ಟಿಗೆ ಬೀಳಿಸುತ್ತದೆ. ಡ್ರೈವ್‌ಗೆ ಬಾಗಿಲಿನ ಜಗಳ ಕಾಣಿಸುವುದೇ ಇಲ್ಲ. ಫಾಲ್ಟ್ ಡ್ರೈವ್‌ನಲ್ಲಿ ಬರುತ್ತಿದೆ ಅಂದರೆ ತೊಂದರೆ ರಿಲೇ ಔಟ್‌ಪುಟ್‌ನಿಂದ ಈಚೆಗೆ ಎಲ್ಲೋ ಇದೆ.

ಐಟಿಐ ಹುಡುಗ
ಓಹ್, ಹೌದಲ್ಲ. ಥ್ಯಾಂಕ್ಸ್ ಸರ್.

ಬೆಳಗಾವಿ ಫೌಂಡ್ರಿ
ಕೇಬಲ್ ಎಲ್ಲಿ ಹಾದು ಹೋಗಿದೆ ನೋಡ್ರಿ. ನಮ್ಮಲ್ಲಿ ಎಸ್‌ಟಿಓ ವೈರ್ ಅನ್ನು ಮೋಟರ್ ಕೇಬಲ್ ಜೊತೆ ಒಂದೇ ಟ್ರೇದಾಗ ಹಾಕಿದ್ದರು. ಲೈಟ್ ಕರ್ಟನ್ (ಬೆಳಕಿನ ಕಿರಣಕ್ಕೆ ಕೈ ಅಡ್ಡ ಬಂದರೆ ಮೆಷಿನ್ ನಿಲ್ಲಿಸೋದು) ಔಟ್‌ಪುಟ್ ನೇರ ಡ್ರೈವ್‌ಗೆ. ಲೈಟ್ ಕರ್ಟನ್ ತನ್ನ ಔಟ್‌ಪುಟ್ ಅನ್ನು ತಾನೇ ಪರೀಕ್ಷೆ ಮಾಡಿಕೊಳ್ಳೋಕೆ ಆಗಾಗ ಒಂದು ಮಿಲಿಸೆಕೆಂಡ್‌ಗಿಂತ ಕಡಿಮೆ ಹೊತ್ತು ಆಫ್ ಆಗಿ ಆನ್ ಆಗುತ್ತದೆ. ಡ್ರೈವ್ ಅದನ್ನು ಲೆಕ್ಕಕ್ಕೆ ತಗೋಬಾರದು. ನಾಯ್ಸ್ ಸೇರಿಕೊಂಡು ಒಂದು ಚಾನೆಲ್‌ನಲ್ಲಿ ಆ ಪಲ್ಸ್ ಉದ್ದ ಆಗಿ ಫಾಲ್ಟ್ ಬರುತ್ತಿತ್ತು. ಶೀಲ್ಡ್ ಕೇಬಲ್ ಹಾಕಿ ಬೇರೆ ಟ್ರೇಗೆ ತಂದ ಮೇಲೆ ಹೋಯಿತು.

ರಾತ್ರಿಪಾಳಿ ಪೀಣ್ಯ
ನನ್ನದು ಬರೀ ರಿಲೇ ಕಾಂಟ್ಯಾಕ್ಟ್, ಲೈಟ್ ಕರ್ಟನ್ ಇಲ್ಲ. ಯಾವಾಗ ಬರುತ್ತದೆ ಅಂತ ಆಪರೇಟರ್‌ಗಳನ್ನೇ ಕೇಳಿದೆ. ಬಾಗಿಲು ತೆಗೆದ ಕೂಡಲೇ ಬರುತ್ತದಂತೆ. ಓಡುವಾಗ ಒಂದು ಸಲವೂ ಬಂದಿಲ್ಲ. ಟರ್ಮಿನಲ್ ಎಲ್ಲ ಟೈಟ್ ಮಾಡಿದೆ, ಒಂದೂ ಲೂಸ್ ಇರಲಿಲ್ಲ.

ಡ್ರೈವ್ ಸರ್ವೀಸ್ ಅಣ್ಣ
ಹಾಗಾದರೆ ಲೂಸ್ ಕನೆಕ್ಷನ್ ಅಲ್ಲ ಬಿಡಿ. ಲೂಸ್ ಇದ್ದಿದ್ದರೆ ಓಡುವಾಗ ಬೀಳುತ್ತಿತ್ತು. ಇದು ತೆರೆಯಬೇಕಾದಾಗ ತೆರೆಯದೇ ಇರುವ ಕಾಂಟ್ಯಾಕ್ಟ್. ಲೂಸ್ ಆದರೆ ಮೆಷಿನ್ ನಿಲ್ಲುತ್ತದೆ, ಅಷ್ಟೇ. ಅಂಟಿಕೊಂಡರೆ ನಿಲ್ಲುವುದಿಲ್ಲ. ರಿಲೇಯಿಂದ ಡ್ರೈವ್ ತನಕ ವೈರ್ ಕೈಯಲ್ಲಿ ಹಿಡಿದು ಹೋಗಿ. ಡ್ರಾಯಿಂಗ್ ನಂಬಬೇಡಿ.

ಪ್ರೊಡಕ್ಷನ್ ಮಾವ
ಒಂದು ಚಾನೆಲ್ ಕೆಲಸ ಮಾಡಿ ಮೋಟರ್ ನಿಂತಿತಲ್ಲ? ನಿಂತ ಮೇಲೆ ಇನ್ನೇನು ಫಾಲ್ಟು?

ರಿಟೈರ್ಡ್ ಫೋರ್‌ಮನ್
ಸ್ಕೂಟರ್‌ಗೆ ಎರಡು ಬ್ರೇಕ್. ಹಿಂದಿನದು ಹೋಗಿದೆ, ಮುಂದಿನದರಲ್ಲಿ ನಿಲ್ಲಿಸಿದಿರಿ. ಮೆಕ್ಯಾನಿಕ್ ಹತ್ತಿರ ಹೋಗುತ್ತೀರೋ, ಇಲ್ಲ ನಿಂತಿತಲ್ಲ ಅಂತ ಆಗುಂಬೆ ಘಾಟಿ ಇಳಿಯುತ್ತೀರೋ?

ಪ್ರೊಡಕ್ಷನ್ ಮಾವ
ಘಾಟಿ ಇಳಿಯುವಾಗ ಸ್ಕೂಟರ್ ತಾನಾಗೇ ಆಫ್ ಆಗಿ ಹತ್ತು ನಿಮಿಷ ಕಾಯಿಸಲ್ಲ ಸ್ವಾಮಿ.

ಕುಂದಾಪ್ರ ಕ್ರೇನ್
ಎಸ್‌ಟಿಓ ಅಂದರೆ ಎಲ್ಲದಕ್ಕೂ ಮದ್ದು ಅಂತ ತಿಳಿದವರಿಗೆ ಒಂದು ಮಾತು ಮಾರಾಯ್ರೆ. ನಮ್ಮದು ಹಾಯ್ಸ್ಟ್, ಭಾರ ನೇತಾಡುವ ಕೆಲಸ. ಅಲ್ಲಿ ಬರೀ ಎಸ್‌ಟಿಓ ಕೊಟ್ಟರೆ ಮೋಟರ್ ಹಿಡಿತ ಬಿಟ್ಟುಬಿಡುತ್ತದೆ, ಭಾರ ಕೆಳಗೆ. ಬ್ರೇಕ್ ಸಹ ಅದೇ ಕ್ಷಣ ಬೀಳಬೇಕು, ಆ ಬ್ರೇಕ್ ಲೈನ್ ಕೂಡ ಸೇಫ್ಟಿಯ ಒಳಗೇ ಇರಬೇಕು. ಅದಕ್ಕೆ ಎಸ್‌ಬಿಸಿ ಅಂತ ಬೇರೆಯೇ ಫಂಕ್ಷನ್ ಉಂಟು, ಸೇಫ್ ಬ್ರೇಕ್ ಕಂಟ್ರೋಲ್.

ಮತ್ತೊಂದು, ಎಸ್‌ಟಿಓ ಕೊಟ್ಟ ಕೂಡಲೇ ಮೋಟರ್ ಟರ್ಮಿನಲ್ ಬಾಕ್ಸ್‌ಗೆ ಕೈ ಹಾಕಬೇಡಿ. ಅದು ಕರೆಂಟ್ ತೆಗೆಯುವುದಿಲ್ಲ, ಟಾರ್ಕ್ ಮಾತ್ರ ತೆಗೆಯುತ್ತದೆ. 415 ವೋಲ್ಟ್ ಲೈನಲ್ಲಿ ಡ್ರೈವ್ ಒಳಗಿನ ಡಿಸಿ ಬಸ್ (ಕೆಪಾಸಿಟರ್‌ಗಳಿರುವ ಡಿಸಿ ಲೈನ್) 580 ವೋಲ್ಟ್‌ನ ಮೇಲೆ ಇರುತ್ತದೆ. ಮೇನ್ ಆಫ್ ಮಾಡಿ, ಬೀಗ ಹಾಕಿ, ಡ್ರೈವ್ ಮೇಲೆ ಬರೆದಷ್ಟು ನಿಮಿಷ ಕಾದು, ಮೀಟರ್ ಇಟ್ಟು ನೋಡಿ, ಆಮೇಲೆ ಕೈ.

ವೈರ್‌ಮನ್ ಹಾಸನ
ಈ ಕೆಪಾಸಿಟರ್ ಹೊಡೆತ ನಾನೂ ತಿಂದಿದ್ದೇನೆ. ಎರಡು ದಿನ ಊಟದ ಕೈ ನಡುಗುತ್ತಿತ್ತು.

ಐಟಿಐ ಹುಡುಗ
ಎಸ್‌ಟಿಓ ಕೊಟ್ಟ ಮೇಲೆ ಮೋಟರ್ ಸ್ವಲ್ಪವೂ ಅಲುಗಲ್ಲ ಅಂತ ಗ್ಯಾರಂಟಿಯಾ ಸರ್?

ಡ್ರೈವ್ ಸರ್ವೀಸ್ ಅಣ್ಣ
ಪೂರ್ತಿ ಗ್ಯಾರಂಟಿ ಇಲ್ಲ. ಪರ್ಮನೆಂಟ್ ಮ್ಯಾಗ್ನೆಟ್ ಮೋಟರ್ ಇದ್ದು, ಒಂದೇ ಹೊತ್ತಿಗೆ ಎರಡು ಐಜಿಬಿಟಿ ಶಾರ್ಟ್ ಆದರೆ ಶಾಫ್ಟ್ ಒಂದು ಸಲ ಜಗ್ಗಬಹುದು. ಹೆಚ್ಚೆಂದರೆ 180 ಡಿಗ್ರಿಯನ್ನು ಪೋಲ್ ಪೇರ್ (ಮೋಟರ್‌ನ ಧ್ರುವ ಜೋಡಿ) ಸಂಖ್ಯೆಯಿಂದ ಭಾಗಿಸಿದಷ್ಟು. ನಾಲ್ಕು ಪೇರ್ ಇದ್ದರೆ 45 ಡಿಗ್ರಿ. ಅಪರೂಪ, ಆದರೆ ಮ್ಯಾನುಯಲ್‌ಗಳಲ್ಲಿ ಬರೆದಿರುತ್ತಾರೆ. ಬೆರಳು ಗೇರ್ ಒಳಗಿದ್ದರೆ 45 ಡಿಗ್ರಿ ಧಾರಾಳ ಸಾಕು.

ಸ್ಟುಟ್‌ಗಾರ್ಟ್ ಕನ್ನಡಿಗ
ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನನಗೆ ಅದೇ ದೊಡ್ಡದು ಅನಿಸುತ್ತದೆ.

ಐಇಸಿ 60204-1 ರಲ್ಲಿ ಸ್ಟಾಪ್ ಮೂರು ಬಗೆ. ಕೆಟಗರಿ 0 ಅಂದರೆ ಪವರ್ ತಕ್ಷಣ ಕತ್ತರಿಸಿ ಬಿಟ್ಟುಬಿಡುವುದು, ಮೆಷಿನ್ ತನ್ನ ಪಾಡಿಗೆ ತಿರುಗಿ ನಿಲ್ಲುತ್ತದೆ. ಕೆಟಗರಿ 1 ಅಂದರೆ ಮೊದಲು ಪವರ್ ಇಟ್ಟುಕೊಂಡೇ ಬ್ರೇಕ್ ಮಾಡಿ, ನಿಂತ ಮೇಲೆ ಕತ್ತರಿಸುವುದು. ಕೆಟಗರಿ 2 ರಲ್ಲಿ ನಿಂತ ಮೇಲೂ ಪವರ್ ಇರುತ್ತದೆ. ಡ್ರೈವ್‌ಗಳ ಸ್ಟ್ಯಾಂಡರ್ಡ್ ಐಇಸಿ 61800-5-2 ರಲ್ಲಿ ಇವಕ್ಕೆ ಹೊಂದುವ ಹೆಸರು ಎಸ್‌ಟಿಓ, ಎಸ್‌ಎಸ್1, ಎಸ್‌ಎಸ್2. ನಿಮ್ಮ ಮೆಷಿನ್‌ಗೆ ಎಸ್‌ಟಿಓ ಕೊಟ್ಟಿದ್ದಾರೆ, ಬೇಕಾಗಿದ್ದದ್ದು ಎಸ್‌ಎಸ್1.

11 ಸೆಕೆಂಡ್ ಅಂದರೆ ಎಷ್ಟು ಅಂತ ನೋಡಿ. ಐಎಸ್‌ಓ 13855 ರಲ್ಲಿ ನಡೆದು ಬರುವ ಮನುಷ್ಯನ ವೇಗ ಸೆಕೆಂಡಿಗೆ 1600 ಮಿಲಿಮೀಟರ್ ಅಂತ ಹಿಡಿಯುತ್ತಾರೆ. 11 ರಿಂದ ಗುಣಿಸಿದರೆ 17.6 ಮೀಟರ್. ಲಾಕ್ ಇಲ್ಲದ ಬಾಗಿಲೋ ಲೈಟ್ ಕರ್ಟನ್ನೋ ಇದ್ದರೆ ಅದು ರೋಲ್‌ನಿಂದ ಅಷ್ಟು ದೂರ ಇರಬೇಕು!

ರಾತ್ರಿಪಾಳಿ ಪೀಣ್ಯ
17 ಮೀಟರ್ ಅಂದರೆ ನಮ್ಮ ಶೆಡ್ ದಾಟಿ ಟೀ ಅಂಗಡಿ ಹತ್ತಿರ ಬಾಗಿಲು ಇಡಬೇಕು ಸರ್ 😀

ವೈರ್‌ಮನ್ ಹಾಸನ
ಇಡಿ, ಟೀ ಬಿಸಿಬಿಸಿ ಸಿಗುತ್ತದೆ.

ಡ್ರೈವ್ ಸರ್ವೀಸ್ ಅಣ್ಣ
ಎಸ್‌ಎಸ್1 ಸರಿ, ಆದರೆ ಒಂದು ಎಚ್ಚರಿಕೆ. ಅದರಲ್ಲಿ ಎರಡು ತರಹ ಇದೆ. ಕಡಿಮೆ ಬೆಲೆಯದು ಟೈಮರ್ ಮೇಲೆ ನಡೆಯುವುದು. ಸ್ಟಾಪ್ ಬಂತು, ಡ್ರೈವ್‌ಗೆ ರ‍್ಯಾಂಪ್ ಡೌನ್ ಹೇಳಿತು, 4 ಸೆಕೆಂಡ್ ಎಣಿಸಿತು, ಎಸ್‌ಟಿಓ ಕೊಟ್ಟಿತು. ಆ 4 ಸೆಕೆಂಡಲ್ಲಿ ಮೋಟರ್ ನಿಜವಾಗಿ ನಿಧಾನ ಆಯಿತೇ ಅಂತ ಯಾರೂ ನೋಡಲ್ಲ. ಇನ್ನೊಂದು ತರಹದಲ್ಲಿ ವೇಗ ಇಳಿಯುವುದನ್ನೇ ಗಮನಿಸುತ್ತಾ ಹೋಗುತ್ತದೆ, ಗೆರೆ ದಾಟಿದರೆ ಆಗಲೇ ಎಸ್‌ಟಿಓ.

ಟೈಮರ್ ನಂಬಿ ಏನಾಗುತ್ತದೆ ಹೇಳುತ್ತೇನೆ. ಒಂದು ಕಡೆ ಇದೇ ತರಹದ ವೈಂಡರ್. ಖಾಲಿ ರೋಲ್ ಹಾಕಿ 4 ಸೆಕೆಂಡಿಗೆ ಸೆಟ್ ಮಾಡಿ, ನಿಲ್ಲುವುದನ್ನು ತೋರಿಸಿ, ಸಹಿ ಹಾಕಿಸಿಕೊಂಡು ಹೋಗಿದ್ದರು. ಬ್ರೇಕ್ ಶಕ್ತಿಯನ್ನು ಬಿಸಿಯಾಗಿ ಸುಡುವ ಬ್ರೇಕಿಂಗ್ ರೆಸಿಸ್ಟರ್ ಇಲ್ಲ. ತುಂಬಿದ ರೋಲ್ ಬಂದಾಗ ಬ್ರೇಕ್ ಮಾಡುವ ಶಕ್ತಿಯೆಲ್ಲ ವಾಪಸ್ ಡಿಸಿ ಬಸ್‌ಗೆ ಬರುತ್ತದೆ. ನಾನು ಡಿಸ್‌ಪ್ಲೇ ನೋಡುತ್ತಾ ನಿಂತಿದ್ದೆ. 590, 680, 760, ಆಮೇಲೆ 800 ಹತ್ತಿರ ಓವರ್‌ವೋಲ್ಟೇಜ್ ಟ್ರಿಪ್. ಟ್ರಿಪ್ ಆದ ಮೇಲೆ ಬ್ರೇಕೂ ಇಲ್ಲ, ಏನೂ ಇಲ್ಲ, ರೋಲ್ ತನ್ನ ಪಾಡಿಗೆ ತಿರುಗುತ್ತಿದೆ. 4 ಸೆಕೆಂಡ್ ಮುಗಿಯಿತು, ಟೈಮರ್ 'ಆಯಿತು' ಅಂತ ಡೋರ್ ಲಾಕ್ ಬಿಟ್ಟಿತು. ಒಳಗೆ ರೋಲ್ ಇನ್ನೂ ಅರ್ಧ ವೇಗದಲ್ಲಿದೆ, ಬಾಗಿಲು ತೆರೆಯಬಹುದು, ಹಸಿರು ದೀಪ ಉರಿಯುತ್ತಿದೆ. ಅವತ್ತು ಬೆವರಿದ್ದು ಇನ್ನೂ ನೆನಪಿದೆ.

ಸಕ್ಕರೆ ಸೀಮೆ
ಇದಕ್ಕಿಂತ ಚೆನ್ನಾಗಿರುವುದು ನನ್ನ ಹತ್ತಿರ ಇದೆ. ಸಕ್ಕರೆ ಕಾರ್ಖಾನೆಯಲ್ಲಿ ಬ್ಯಾಚ್ ಸೆಂಟ್ರಿಫ್ಯೂಗಲ್ ನೋಡಿರುತ್ತೀರಿ, ದೊಡ್ಡ ಬುಟ್ಟಿ ಸಾವಿರದ ಮೇಲೆ ಆರ್‌ಪಿಎಂನಲ್ಲಿ ತಿರುಗಿ ಕಾಕಂಬಿಯನ್ನು ಬೇರೆ ಮಾಡುತ್ತದೆ. ಅದು ನಿಂತಿದೆ ಅಂತ ತಿಳಿಯಲು ಶಾಫ್ಟ್ ಮೇಲೆ ಒಂದು ಬೋಲ್ಟ್, ಎದುರಿಗೆ ಒಂದು ಪ್ರಾಕ್ಸಿಮಿಟಿ ಸೆನ್ಸರ್. ಪಲ್ಸ್ ಬಂದರೆ ತಿರುಗುತ್ತಿದೆ, ಬರದಿದ್ದರೆ ನಿಂತಿದೆ. ಲಾಜಿಕ್ ಕೇಳಲು ಸರಿಯಾಗಿಯೇ ಇದೆ ಅಲ್ವಾ?

ಒಂದು ಕ್ರಶಿಂಗ್ ಸೀಸನ್‌ನಲ್ಲಿ ಆ ಬೋಲ್ಟ್ ಅಲುಗಾಟಕ್ಕೆ ಉದುರಿ ಹೋಯಿತು. ಪಲ್ಸ್ ಇಲ್ಲ, ಅಂದರೆ ನಿಂತಿದೆ! ಮುಚ್ಚಳದ ಲಾಕ್ ಬಿಟ್ಟಿತು. ಬುಟ್ಟಿ ಪೂರ್ತಿ ವೇಗದಲ್ಲಿ. ಪುಣ್ಯಕ್ಕೆ ಆಪರೇಟರ್ ಹಳಬ, ಸದ್ದಿನಲ್ಲೇ ಗೊತ್ತಾಗಿ ಮುಚ್ಚಳ ಮುಟ್ಟಲಿಲ್ಲ.

ಆಮೇಲೆ ಎರಡು ಸೆನ್ಸರ್ ಹಾಕಿದರು. ಹಲ್ಲಿನ ಚಕ್ರದ ಎದುರು ಯಾವಾಗಲೂ ಒಂದಲ್ಲ ಒಂದು ಸೆನ್ಸರ್ ಆನ್ ಇರಲೇಬೇಕು, ಹಾಗೆ ಕೂರಿಸುತ್ತಾರೆ. ಎರಡೂ ಆಫ್ ಅಂದರೆ ನಿಂತಿದೆ ಅಂತ ಅಲ್ಲ, ಸೆನ್ಸರ್ ಕೆಟ್ಟಿದೆ ಅಥವಾ ವೈರ್ ಹೋಗಿದೆ ಅಂತ ಅರ್ಥ, ಲಾಕ್ ಬಿಡುವುದಿಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ
ಸೆನ್ಸರ್ ಇಲ್ಲದೇ ಮಾಡುವ ರಿಲೇಗಳೂ ಇವೆ. ಮೋಟರ್ ಟರ್ಮಿನಲ್‌ನಲ್ಲಿ ಉಳಿದ ವೋಲ್ಟೇಜ್ ಅಳೆದು ನಿಂತಿತೇ ಅಂತ ಹೇಳುತ್ತವೆ. ಡ್ರೈವ್ ಜೊತೆ ಹಾಕುವುದಾದರೆ ಡ್ರೈವ್‌ಗೆ ಹೊಂದುತ್ತದೆ ಅಂತ ಬರೆದಿರುವ ಮಾಡೆಲ್ ತಗೊಳ್ಳಿ.

ಇನ್ನೊಂದು, ಲೆಕ್ಕ ಹಾಕಲು ಜರ್ಮನಿಯ ಐಎಫ್‌ಎ ಸಂಸ್ಥೆಯ ಸಿಸ್ಟೆಮಾ ಅಂತ ಸಾಫ್ಟ್‌ವೇರ್ ಇದೆ, ಉಚಿತ. ಸ್ವಿಚ್, ರಿಲೇ, ಡ್ರೈವ್ ಮೂರನ್ನೂ ಹಾಕಿದರೆ ಐಎಸ್‌ಓ 13849 ಪ್ರಕಾರ ಯಾವ ಪಿಎಲ್ (ಪರ್ಫಾರ್ಮೆನ್ಸ್ ಲೆವೆಲ್, ಎ ಯಿಂದ ಇ ತನಕ, ಇ ಎಲ್ಲಕ್ಕಿಂತ ಭದ್ರ) ಬರುತ್ತದೆ ಅಂತ ಹೇಳುತ್ತದೆ.

ಪ್ರೊಡಕ್ಷನ್ ಮಾವ
ಸರ್, ನೀವು ಸ್ಟುಟ್‌ಗಾರ್ಟ್‌ನಲ್ಲಿ ಕೂತು ಹೇಳುತ್ತೀರಿ. ಇಲ್ಲಿ 24 ವೋಲ್ಟ್ ಸಪ್ಲೈಗೆ ಪಿಓ (ಖರೀದಿ ಆರ್ಡರ್) ಹಾಕಿಸಲು ಮೂರು ಸಹಿ ಬೇಕು.

ಸ್ಟುಟ್‌ಗಾರ್ಟ್ ಕನ್ನಡಿಗ
ನಾನೂ ಹತ್ತು ವರ್ಷ ಬೊಮ್ಮಸಂದ್ರದಲ್ಲಿ ಕೆಲಸ ಮಾಡಿಯೇ ಇಲ್ಲಿಗೆ ಬಂದಿದ್ದು. ಮೂರು ಸಹಿ ನನಗೂ ಗೊತ್ತು. ಇಲ್ಲಿಯೂ ಬೈಪಾಸ್ ಮಾಡುತ್ತಾರೆ, ಡೋರ್ ಸ್ವಿಚ್‌ನ ಸ್ಪೇರ್ ಕೀ (ಬಾಗಿಲು ಮುಚ್ಚಿದೆ ಅಂತ ಸ್ವಿಚ್‌ಗೆ ತಿಳಿಸುವ ನಾಲಿಗೆ) ಜೇಬಲ್ಲಿ ಇಟ್ಟುಕೊಂಡು ಓಡಾಡುವವರನ್ನು ನೋಡಿದ್ದೇನೆ. ಜನ ಎಲ್ಲ ಕಡೆ ಒಂದೇ.

ಬೆಳಗಾವಿ ಫೌಂಡ್ರಿ
ವಿಷಯ ಬಿಟ್ಟು ಹೋಗುತ್ತೇನೆ, ಕ್ಷಮಿಸ್ರಿ. ನಮ್ಮಲ್ಲಿ ಪ್ರತಿ ವರ್ಷ ಆಯುಧ ಪೂಜೆ ಮುಗಿಸಿ ಮೆಷಿನ್ ಶುರು ಮಾಡುವ ದಿನ ಲೈಟ್ ಕರ್ಟನ್ ಫಾಲ್ಟ್ ಗ್ಯಾರಂಟಿ. ಹೋಗಿ ನೋಡಿದರೆ ಲೆನ್ಸ್ ಮೇಲೆ ಮೂರು ಬೆರಳು ವಿಭೂತಿ, ನಡುವೆ ಕುಂಕುಮ. ಎಮರ್ಜೆನ್ಸಿ ಬಟನ್‌ಗೆ ಚೆಂಡು ಹೂವಿನ ಹಾರ, ಒತ್ತಿದರೆ ಪೂರ್ತಿ ಒಳಗೆ ಹೋಗಲ್ಲ.

ವೈರ್‌ಮನ್ ಹಾಸನ
ನಮ್ಮಲ್ಲಿ ಡೋರ್ ಸ್ವಿಚ್‌ನ ಕೀ ಹೋಗುವ ಸಂದಿಗೆ ಅರಿಶಿನ. ಗಟ್ಟಿಯಾಗಿ ಒಣಗಿತ್ತು. ಸ್ಕ್ರೂಡ್ರೈವರ್‌ನಲ್ಲಿ ಕೆರೆದು ತೆಗೆದೆ. ಪೂಜೆ ಮಾಡಿದ್ದು ನಮ್ಮ ಮಾಲೀಕರೇ, ಏನೂ ಹೇಳುವ ಹಾಗಿಲ್ಲ.

ಕುಂದಾಪ್ರ ಕ್ರೇನ್
ಬೂದುಗುಂಬಳ ಒಡೆದ ನೀರು ಪ್ಯಾನೆಲ್ ಒಳಗೆ ಹೋಗಲಿಲ್ಲವಾ? ಅದೇ ಪುಣ್ಯ.

ರಿಟೈರ್ಡ್ ಫೋರ್‌ಮನ್
ಪೂಜೆ ಮಾಡಲಿ, ಬೇಡ ಅನ್ನಲ್ಲ. ಕುಂಕುಮ ಮೋಟರ್ ಬಾಡಿಗೆ ಇಡಿ.

ಮ್ಯಾನೇಜರ್‌ಗೆ ಹೇಗೆ ಹೇಳುವುದು ಅನ್ನುವುದಕ್ಕೆ ಒಂದು ದಾರಿ ಇದೆ. ಬಾಯಲ್ಲಿ ವಾದ ಬೇಡ. "ಎಸ್‌ಟಿಓ ಲೂಪ್ ಹಾಕಲು ಹೇಳಿದ್ದೀರಿ, ಹಾಕಿದರೆ ಬಾಗಿಲು ಮತ್ತು ಎಮರ್ಜೆನ್ಸಿ ಎರಡೂ ಕೆಲಸ ಮಾಡುವುದಿಲ್ಲ, ಹಾಕಲೇ?" ಅಂತ ಒಂದು ಮೇಲ್ ಕಳಿಸಿ. ಹ್ಞೂಂ ಅಂತ ಬರೆದು ಕಳಿಸುವ ಮ್ಯಾನೇಜರ್‌ನ ನನ್ನ ಸರ್ವೀಸಲ್ಲಿ ನೋಡಿಲ್ಲ. 1948ರ ಫ್ಯಾಕ್ಟರೀಸ್ ಆಕ್ಟ್‌ನ ಸೆಕ್ಷನ್ 21 ರಲ್ಲೇ ಇತ್ತು, ಅಪಾಯದ ಭಾಗಕ್ಕೆ ಗಾರ್ಡ್ ಇರಬೇಕು, ಮೆಷಿನ್ ಓಡುವಾಗ ಅದು ಜಾಗದಲ್ಲೇ ಇರಬೇಕು. ಸೆಕ್ಷನ್ 92 ರಲ್ಲಿ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಬರೆದಿದ್ದರು, ಅದೂ ಫ್ಯಾಕ್ಟರಿಯ ಆಕ್ಯುಪೈಯರ್ (ಫ್ಯಾಕ್ಟರಿಯ ಮೇಲೆ ಅಂತಿಮ ಹಿಡಿತ ಇರುವವರು) ಮತ್ತು ಮ್ಯಾನೇಜರ್ ಮೇಲೆ. ನಮ್ಮ ಕಾಲದಲ್ಲಿ ಆ ಎರಡು ನಂಬರ್ ಗೋಡೆಗೆ ಅಂಟಿಸಿದ್ದೆ.

ಪ್ರೊಡಕ್ಷನ್ ಮಾವ
ಮೇಲ್ ಕಳಿಸಿದರೆ ಮರುದಿನ ಅವನನ್ನೇ ಎತ್ತಂಗಡಿ ಮಾಡುತ್ತಾರೆ. ಕಾಂಟ್ರಾಕ್ಟ್ ಮೇಲೆ ಇರುವ ಹುಡುಗ ಆದರೆ ಇನ್ನೂ ಸುಲಭ. ಇದನ್ನೂ ಬರೆಯಿರಿ.

ರಿಟೈರ್ಡ್ ಫೋರ್‌ಮನ್
ಅದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಡ್ರೈವ್ ಸರ್ವೀಸ್ ಅಣ್ಣ
ಜನ ಬೈಪಾಸ್ ಯಾಕೆ ಮಾಡುತ್ತಾರೆ ಅಂತಲೂ ನೋಡಬೇಕು. ಸ್ಲಿಟ್ಟರ್‌ನಲ್ಲಿ ಫಿಲ್ಮ್ ತುದಿ ರೋಲರ್‌ಗಳ ಮಧ್ಯೆ ಹಾಯಿಸಬೇಕು, ಅದಕ್ಕೆ ಬಾಗಿಲು ತೆರೆದೇ ನಿಧಾನ ಓಡಿಸಬೇಕು. ಬಾಗಿಲು ತೆರೆದರೆ ಎಸ್‌ಟಿಓ. ಇನ್ನೇನು ಮಾಡುತ್ತಾನೆ ಆಪರೇಟರ್, ಸ್ವಿಚ್‌ಗೆ ಸ್ಪೇರ್ ಕೀ ಹಾಕುತ್ತಾನೆ. ಅಲ್ಲಿ ಬೇಕಾಗಿರುವುದು ಎಸ್‌ಎಲ್‌ಎಸ್, ಸೇಫ್ಲಿ ಲಿಮಿಟೆಡ್ ಸ್ಪೀಡ್. ಬಾಗಿಲು ತೆರೆದಾಗ ಬಟನ್ ಒತ್ತಿ ಹಿಡಿದಿದ್ದರೆ ಮಾತ್ರ ತೆವಳುವ ವೇಗದಲ್ಲಿ ಓಡಲಿ, ಆ ವೇಗ ದಾಟಿದರೆ ಡ್ರೈವ್ ತಾನೇ ನಿಲ್ಲಿಸಲಿ. ಮೆಷಿನ್ ಮಾಡಿದವರು ಇದನ್ನು ಕೊಟ್ಟಿದ್ದರೆ ಅರ್ಧ ಬೈಪಾಸ್ ಹುಟ್ಟುತ್ತಲೇ ಇರಲಿಲ್ಲ.

ಪ್ರೊಡಕ್ಷನ್ ಮಾವ
ಹಾಂ, ಈಗ ಕೆಲಸದ ಮಾತು ಬಂತು. ಇದನ್ನು ಮೊದಲೇ ಹೇಳಬಾರದಿತ್ತೇ?

ರಾತ್ರಿಪಾಳಿ ಪೀಣ್ಯ
ಸಿಕ್ಕಿತು!!

ಅಣ್ಣ ಹೇಳಿದ ಹಾಗೆ ವೈರ್ ಕೈಯಲ್ಲಿ ಹಿಡಿದು ಹೋದೆ. ಎಸ್‌ಟಿಓ 1 ರ ವೈರ್ ನೇರ ಸೇಫ್ಟಿ ರಿಲೇಗೆ ಹೋಗಿತ್ತು. ಎಸ್‌ಟಿಓ 2 ರದ್ದು ಡಕ್ಟ್ ಒಳಗೆ ಹೋಗಿ ಕೆಳಗಿನ ಸಾಲಿನಲ್ಲಿ ಒಂದು ಸಾದಾ ಪ್ಲಗ್ಇನ್ ರಿಲೇಗೆ ಸೇರಿತ್ತು. ಪಾರದರ್ಶಕ ಡಬ್ಬಿ ಇರುತ್ತದಲ್ಲ, ಎರಡು ಪೋಲ್, ಅದೇ. ಡ್ರಾಯಿಂಗ್‌ನಲ್ಲಿ ಇಲ್ಲವೇ ಇಲ್ಲ. ಸೇಫ್ಟಿ ರಿಲೇಯ ಎರಡನೇ ಕಾಂಟ್ಯಾಕ್ಟ್ ಈ ರಿಲೇಯ ಕಾಯಿಲ್ ಎಳೆಯುತ್ತದೆ, ಇದರ ಒಂದು ಪೋಲ್ ಎಸ್‌ಟಿಓ 2 ಗೆ, ಇನ್ನೊಂದು ಪೋಲ್ ಟ್ರಿಮ್ (ಸೀಳಿದ ಅಂಚಿನ ಚೂರು) ಎಳೆಯುವ ಬ್ಲೋವರ್‌ನ ಕಾಂಟ್ಯಾಕ್ಟರ್ ಕಾಯಿಲ್‌ಗೆ, 230 ವೋಲ್ಟ್. ಬಾಗಿಲು ತೆರೆದರೆ ಬ್ಲೋವರೂ ನಿಲ್ಲಲಿ ಅಂತ ಯಾರೋ ಮಧ್ಯೆ ತುರುಕಿದ್ದಾರೆ.

ರಿಲೇ ಬಿಚ್ಚಿ ಲೈಟ್ ಎದುರು ಹಿಡಿದರೆ ಬ್ಲೋವರ್ ಕಡೆಯ ಕಾಂಟ್ಯಾಕ್ಟ್ ಕಪ್ಪಾಗಿ, ಗುಳಿ ಬಿದ್ದು, ಒಂದು ಮೂಲೆಯಲ್ಲಿ ಕರಗಿದ ಸಕ್ಕರೆ ತರಹ ಗಂಟಾಗಿತ್ತು. ಕಾಯಿಲ್‌ಗೆ ಕಿಡಿ ತಡೆಯುವ ಸ್ನಬ್ಬರ್ ಹಾಕಿರಲಿಲ್ಲ. ಆ ಪೋಲ್ ಆಗಾಗ ಅಂಟಿ ಹಿಡಿದುಕೊಂಡಾಗ ಆರ್ಮೇಚರ್ ಬೀಳುವುದಿಲ್ಲ, ಪಕ್ಕದ ಎಸ್‌ಟಿಓ ಪೋಲೂ ತೆರೆಯುವುದಿಲ್ಲ.

ಇದನ್ನು ಹೇಳಿದಾಗ ಒಡಿಶಾದ ಹುಡುಗ ಒಬ್ಬ ಆಪರೇಟರ್ ಇದ್ದಾನೆ, ಅವನು ನಕ್ಕ. "ಹೌದು ಸರ್, ಆ ಫಾಲ್ಟ್ ಬರುವ ದಿನ ಬಾಗಿಲು ತೆಗೆದ ಮೇಲೂ ಬ್ಲೋವರ್ ಸ್ವಲ್ಪ ಹೊತ್ತು ಓಡುತ್ತದೆ" ಅಂದ. ಎಷ್ಟು ದಿನದಿಂದ ಅಂದರೆ, ನಾಲ್ಕು ತಿಂಗಳಿಂದ. ಯಾಕೆ ಹೇಳಲಿಲ್ಲ ಅಂದರೆ, ಯಾರೂ ಕೇಳಲಿಲ್ಲ ಅಂದ.

ಡ್ರೈವ್ ಸರ್ವೀಸ್ ಅಣ್ಣ
ಸೂಪರ್! ಸೇಫ್ಟಿ ಲೈನ್ ಮಧ್ಯೆ ಸಾದಾ ರಿಲೇ ಹಾಕಬಾರದು ಅನ್ನುವುದು ಇದಕ್ಕೇ. ಹಾಕಲೇಬೇಕಾದರೆ ಫೋರ್ಸ್ ಗೈಡೆಡ್ ಕಾಂಟ್ಯಾಕ್ಟ್ ಇರುವ ರಿಲೇ, ಎರಡು. ಅದರಲ್ಲಿ ಒಂದು ಎನ್‌ಓ (ಸಾಮಾನ್ಯವಾಗಿ ತೆರೆದಿರುವ ಕಾಂಟ್ಯಾಕ್ಟ್) ಅಂಟಿದರೆ ಎನ್‌ಸಿ (ಸಾಮಾನ್ಯವಾಗಿ ಮುಚ್ಚಿರುವುದು) ಮುಚ್ಚುವುದಿಲ್ಲ ಅಂತ ಯಾಂತ್ರಿಕವಾಗಿಯೇ ಖಾತ್ರಿ ಇರುತ್ತದೆ. ಆ ಎನ್‌ಸಿಯನ್ನು ಸೇಫ್ಟಿ ರಿಲೇಯ ಫೀಡ್‌ಬ್ಯಾಕ್ ಲೂಪ್‌ಗೆ ಕೊಟ್ಟರೆ ಮುಂದಿನ ಸಲ ರಿಸೆಟ್ ಆಗುವುದೇ ಇಲ್ಲ. ನಿಮ್ಮ ಫೀಡ್‌ಬ್ಯಾಕ್ ಟರ್ಮಿನಲ್‌ನಲ್ಲಿ ಏನಿದೆ?

ರಾತ್ರಿಪಾಳಿ ಪೀಣ್ಯ
ಅಲ್ಲಿಯೂ ಒಂದು ತುಂಡು ವೈರ್ ಲೂಪ್ 😑

ಐಟಿಐ ಹುಡುಗ
ಅಂದರೆ ಮ್ಯಾನೇಜರ್ ಹೇಳಿದ ಲೂಪ್ ಹಾಕಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ ಅಲ್ವಾ?

ಸ್ಟುಟ್‌ಗಾರ್ಟ್ ಕನ್ನಡಿಗ
ಗೊತ್ತಾಗುತ್ತಿರಲಿಲ್ಲ. ಬಾಗಿಲೇ ವರ್ಷಗಟ್ಟಲೆ ತೆರೆಯದ ಮೆಷಿನ್ ಆಗಿದ್ದರೂ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಈ ಪರೀಕ್ಷೆ ನಡೆಯುವುದೇ ಬಾಗಿಲು ತೆರೆದಾಗ. ಅದಕ್ಕೇ ಅಪರೂಪಕ್ಕೆ ತೆರೆಯುವ ಗಾರ್ಡ್‌ಗಳನ್ನು ಬೇಕೆಂದೇ ತೆರೆದು ನೋಡಬೇಕು. ಐಎಸ್‌ಓ 14119 ಪ್ರಕಾರ ಪಿಎಲ್ ಇ ಆದರೆ ತಿಂಗಳಿಗೊಮ್ಮೆಯಾದರೂ, ಪಿಎಲ್ ಡಿ ಆದರೆ ವರ್ಷಕ್ಕೊಮ್ಮೆಯಾದರೂ.

ಬೆಳಗಾವಿ ಫೌಂಡ್ರಿ
ನಮ್ಮಲ್ಲಿ ಪ್ರತಿ ಸೋಮವಾರ ಮೊದಲ ಪಾಳಿಯಲ್ಲಿ ಎಲ್ಲ ಎಮರ್ಜೆನ್ಸಿ ಒತ್ತಿ ಬಿಡುತ್ತೇವ್ರಿ. ಹತ್ತು ನಿಮಿಷ ಆಗುತ್ತದೆ. ಮಾವನವರೇ, ಬೈಬೇಡ್ರಿ.

ಪ್ರೊಡಕ್ಷನ್ ಮಾವ
ಬೈಯಲ್ಲ. ಬ್ಲೋವರ್‌ಗೆ ಬೇರೆ ರಿಲೇ ಹಾಕಿ ಮೆಷಿನ್ ಯಾವಾಗ ಕೊಡುತ್ತೀರಿ ಹೇಳಿ.

ರಾತ್ರಿಪಾಳಿ ಪೀಣ್ಯ
ಬೆಳಗ್ಗೆ ನಾಲ್ಕಕ್ಕೇ ಕೊಟ್ಟೆ ಸರ್. ಎಸ್‌ಟಿಓ 2 ನೇರ ಸೇಫ್ಟಿ ರಿಲೇಗೆ ತಂದೆ, ಬ್ಲೋವರ್ ಅನ್ನು ಪಿಎಲ್‌ಸಿಯ (ಮೆಷಿನ್ ನಿಯಂತ್ರಿಸುವ ಕಂಪ್ಯೂಟರ್) ಖಾಲಿ ಔಟ್‌ಪುಟ್‌ಗೆ ಹಾಕಿ ಕಾಯಿಲ್‌ಗೆ ಸ್ನಬ್ಬರ್ ಕೊಟ್ಟೆ. ಫೀಡ್‌ಬ್ಯಾಕ್ ಲೂಪ್ ತೆಗೆದು ಡ್ರೈವ್‌ನ ಎಸ್‌ಟಿಓ ಸ್ಟೇಟಸ್ ಔಟ್‌ಪುಟ್ ಸೇರಿಸಿದೆ. ಆಮೇಲೆ ಬಾಗಿಲು ಮೂವತ್ತು ಸಲ ತೆಗೆದು ಹಾಕಿದೆ, ಫಾಲ್ಟ್ ಬರಲಿಲ್ಲ. ಒಂದು ಚಾನೆಲ್‌ನ ವೈರ್ ಬೇಕೆಂದೇ ಬಿಚ್ಚಿ ನೋಡಿದೆ, ಫಾಲ್ಟ್ ಬಂತು. ಮ್ಯಾನೇಜರ್‌ಗೆ ಆ ಕಪ್ಪಾದ ರಿಲೇ ಕೈಗೆ ಕೊಟ್ಟೆ. ತಿರುಗಿಸಿ ನೋಡಿ, "ಎಷ್ಟು ಇದರ ಬೆಲೆ" ಅಂತ ಕೇಳಿದರು. ಇನ್ನೂರು ಚಿಲ್ಲರೆ ಅಂದೆ. ಲೂಪ್ ವಿಷಯ ಮತ್ತೆ ಎತ್ತಲಿಲ್ಲ.

11 ಸೆಕೆಂಡ್ ಮಾತ್ರ ಹಾಗೇ ಇದೆ. ಬ್ರೇಕಿಂಗ್ ರೆಸಿಸ್ಟರ್, ಡೋರ್ ಲಾಕ್, ಸ್ಟ್ಯಾಂಡ್‌ಸ್ಟಿಲ್ ರಿಲೇ ಮೂರಕ್ಕೂ ಕೊಟೇಶನ್ ಕೇಳಿದ್ದೇನೆ. ಅಲ್ಲಿ ತನಕ ಬಾಗಿಲಿಗೆ "ರೋಲ್ ನಿಲ್ಲುವ ತನಕ ಕೈ ಹಾಕಬೇಡಿ" ಅಂತ ಕನ್ನಡ, ಹಿಂದಿ, ಒಡಿಯಾ ಮೂರರಲ್ಲೂ ಬರೆಸುತ್ತಿದ್ದೇನೆ. ಒಡಿಯಾ ಆ ಹುಡುಗನೇ ಬರೆದುಕೊಟ್ಟ.

ಡ್ರೈವ್ ಸರ್ವೀಸ್ ಅಣ್ಣ
ರೆಸಿಸ್ಟರ್ ತಗೊಳ್ಳುವ ಮೊದಲು ಡ್ರೈವ್ ಒಳಗೆ ಬ್ರೇಕ್ ಚಾಪರ್ (ಶಕ್ತಿಯನ್ನು ರೆಸಿಸ್ಟರ್‌ಗೆ ತಿರುಗಿಸುವ ಸ್ವಿಚ್) ಇದೆಯಾ ನೋಡಿ. 22 ಕಿಲೋವ್ಯಾಟ್‌ನಲ್ಲಿ ಕೆಲವು ಮಾಡೆಲ್‌ಗೆ ಬರುತ್ತದೆ, ಕೆಲವಕ್ಕೆ ಬೇರೆ ತಗೊಳ್ಳಬೇಕು. ಓಮ್ ಎಷ್ಟು ಕೊಟ್ಟಿದ್ದಾರೆ?

ರಾತ್ರಿಪಾಳಿ ಪೀಣ್ಯ
ಕೊಟೇಶನ್‌ನಲ್ಲಿ ಬರೀ 'ಸೂಟಬಲ್' ಅಂತ ಬರೆದಿದ್ದಾರೆ ಅಣ್ಣ. ಇವತ್ತು ರಾತ್ರಿ ಡ್ರೈವ್ ನೇಮ್‌ಪ್ಲೇಟ್ ನೋಡಿ ಮಾಡೆಲ್ ನಂಬರ್ ಹಾಕುತ್ತೇನೆ.